ಇಪ್ಪತ್ತೆರಡು ನಿಮಿಷ

ಬೆಟಗೇರಿಯೊಳಗ ಮಗ್ಗದ ಮನಿ ಮ್ಯಾಲ
ಹತ್ತಕ್ಕ ಹನ್ನೆರಡರ ಖೋಲಿ ನಂದು.
ಗ್ವಾಡಿಗೆ ತತ್ತಿ ಟ್ರೇ, ಅದರ ಮ್ಯಾಲ ಹಳೇ ಕೌದಿ,
ಬಾಗಲಕ್ಕ ಎರಡು ಪದರ ಜಮಖಾನಿ.
ಏನ ಹೊಚ್ಚಿದ್ರೇನು,
ಕೆಳಗ ಎಂಟು ಪಾವರ್‌ಲೂಮು ಶುರುವಾದ್ವಂದ್ರ
ನೀರಿನ ಲೋಟಾ ಟೇಬಲ್ ಮ್ಯಾಲ ತಾನಾ ನಡೀತಿತ್ತು.

ಅದಕ್ಕ ನಾವು ಕರೆಂಟ್ ಹೋಗೂದನ್ನ ಕಾಯ್ತಿದ್ವಿ.
ಓಣಿಗೆ ಓಣಿನ ಹೆಸ್ಕಾಂಗೆ ಬೈಯೂ ಹೊತ್ತಿನ್ಯಾಗ
ನಾನು ಕೆಂಪು ಗುಂಡಿ ಒತ್ತಾಂವ.
ಫ್ಯಾನ್ ನಿಲ್ತಿತ್ತು, ಮಗ್ಗ ಮಲಗತಿದ್ವು,
ಯುಪಿಎಸ್ ಇಪ್ಪತ್ತೆರಡು ನಿಮಿಷ ಜೀವ ಹಿಡೀತಿತ್ತು.
ಅದು ಕುಂಯ್ ಕುಂಯ್ ಅಂದೀತಂತ
ಮೆಟ್ಟಲ ಮ್ಯಾಲ ಟ್ರಂಕಿನ್ಯಾಗ ಹಾಕಿ, ಮುಚ್ಚಿ,
ಅಷ್ಟರಾಗ ಗಂಗಮಾಳವ್ವ ಎರಡು ತತ್ವಪದ ಮುಗಸಬೇಕು,
ಕೆಮ್ಮಬಾರದು.
ನನ್ನೇಸಾಬ ತಬಲಾ ಮೊದಲ ಶ್ರುತಿ ಮಾಡಿಟ್ಟು
ಕತ್ತಲಾಗೂದನ್ನ ನೋಡಕೋತ ಕೂತಿರಬೇಕು.

ಹನ್ನೊಂದು ವರ್ಷ ಹಿಂಗ.
ಐದನೇ ವರ್ಷನ್ನು. ಕನ್ನಡ ಬರತಿದ್ದಿಲ್ಲ ಅದಕ್ಕ.
ಹೆಸರು ಬರದ್ರ ಖಾಲಿ ಚೌಕ ತೋರಸ್ತಿತ್ತು.
ಒಂಬತ್ತು ಚೌಕ ಅಂದ್ರ ಗಂಗಮಾಳವ್ವ,
ಎಂಟು ಚೌಕ ನನ್ನೇಸಾಬ.
ಎಣಿಸಿ ಎಣಿಸಿ ಹುಡುಕತಿದ್ದೆ,
ಜ್ವಾಳದ ಸಾಲ ಎಣಿಸಿದಂಗ.

ಮೊನ್ನೆ ಹುಬ್ಬಳ್ಳಿಯಿಂದ ನಿರುಪಾದಿ ಬಂದಿದ್ದ,
ಕೊಪ್ಪೀಕರ ರೋಡಿನ ಅಂಗಡಿ ಹುಡುಗ.
‘ಕಾಕಾ, ಹನ್ನೆರಡನೇದು ಬಂದೈತಿ.
ಮಗ್ಗದ ಸಪ್ಪಳಾನ ಅಕ್ಕಿಯೊಳಗಿನ ಹಳ್ಳಿನಂಗ ಆರಿಸಿ ಒಗೀತೈತಿ.
ಕರೆಂಟ್ ಕಾಯೂ ಕೆಲಸ ಇಲ್ಲಿನ್ನ.’
ಕೆಳಗ ಹೋಗಿ ಫೋನಿನ್ಯಾಗ ಒಂದು ನಿಮಿಷ ಮಗ್ಗ ತುಂಬಕೊಂಡು ಬಂದ,
ತನ್ನ ಲ್ಯಾಪ್‌ಟಾಪಿಗೆ ಸುರುವಿದ,
ಒಂದ ಗುಂಡಿ.

ಎಂಟೂ ಲೂಮು ಮಾಯ.
ಖಾಲಿ ಖಾಲಿ ಜಾಗಾದಾಗ
ನೇಕಾರ ಅಂದಾನಪ್ಪನ ದನಿ ಒಂದ, ತೊಳದಿಟ್ಟಂಗ:
‘ಮ್ಯಾಲಿನಾಂವ ಮೂರು ತಿಂಗಳ ಬಾಡಗಿ ಕೊಟ್ಟಿಲ್ಲಲೇ,
ಹಾಡಸ್ತಾನ ನೋಡು ಹಾಡಸ್ತಾನ.’

ನಿರುಪಾದಿ ನೆಲಾ ನೋಡಿದ. ನಾ ನಕ್ಕೆ.
ಇಷ್ಟು ವರ್ಷ ಆ ಸಪ್ಪಳಾ
ನನಗ ಅಡ್ಡ ಇತ್ತಂತ ತಿಳಕೊಂಡಿದ್ದೆ.
ಮರಿ ಆಗಿತ್ತು ಅದು.

ಆದ್ರೂ ರೊಕ್ಕಾ ಕೊಟ್ಟೆ. ಕಂತಿನ್ಯಾಗ.
ಇವತ್ತ ಮಧ್ಯಾನ್ಹ ಹಚ್ಚಿದ್ದೆ.
ಹಳೇದನ್ನ ತಗೀಲೇನಂತ ಕೇಳ್ತು.
ತಗೀ ಅಂದೆ.
ಮತ್ತೊಮ್ಮೆ ಕೇಳ್ತು.
ತಗೀಯಪ್ಪಾ ಅಂದೆ.
ಹಸರು ಪಟ್ಟಿ ತೆವಳಕೋತ ಹೊಂಟಿತು,
ನಲವತ್ತು, ಐವತ್ತೈದು, ಅರವತ್ನಾಕು,

ಕರೆಂಟ್ ಹೋತು.

ಕೆಳಗ ಮಗ್ಗ ಒಂದೊಂದಾಗಿ ಉಸರ ಬಿಟ್ವು.
ನನ್ನ ಬೆರಳು ಹೋತು ನೋಡ್ರಿ ತಾನಾ,
ಕೆಂಪು ಗುಂಡಿ ಇದ್ದ ಜಾಗಕ್ಕ.
ಅಲ್ಲಿ ಏನೂ ಇಲ್ಲ.
ಐದು ಹೋಗೇತಿ, ಹನ್ನೆರಡು ಬಂದಿಲ್ಲ.

ಮೆಟ್ಟಲ ಮ್ಯಾಲ ಚಪ್ಪಲಿ ಸಪ್ಪಳ.
ನನ್ನೇಸಾಬ, ಬಗಲಾಗ ಡಗ್ಗಾ, ಏದುಸಿರು ಬಿಡಕೋತ,
‘ಚಾದಂಗಡ್ಯಾಗಿದ್ದೆ, ಲೈಟ್ ಹೋತು, ಓಡಿ ಬಂದೆ. ಹಚ್ಚು, ಹಚ್ಚು.’
‘ಏನ ಹಚ್ಚಲಿ? ಏನೂ ಇಲ್ಲ ಇದರಾಗ.’
ಆಂವ ಪರದೆ ನೋಡಿದ, ನನ್ನ ನೋಡಿದ,
‘ಯಾವಾಗ ಬರತೈತಿ?’
‘ಕರೆಂಟ್ ಬಂದ ಮ್ಯಾಲ.’
‘ಕರೆಂಟ್ ಬಂದ ಮ್ಯಾಲ ನಾ ಯಾಕ ಬೇಕು’ ಅಂದ,
ಅಂದು, ಕೂತ.

ಟ್ರಂಕಿನ ಮುಚ್ಚಳ ಹಾಕೂದು ಮರತಿದ್ದೆ.
ಯುಪಿಎಸ್ ಕೂಗಾಕ ಹತ್ತಿತ್ತು,
ನಾಕು ಎಣಿಸೂದ್ರಾಗ ಒಂದು ಕುಂಯ್.
ನನ್ನೇಸಾಬ ಕಿವಿ ಕೊಟ್ಟ,
ತಲಿ ಅಲ್ಲಾಡಿಸಿದ,
ಕುಂಯ್ ಅನ್ನೂದನ್ನ ಸಮ್ ಮಾಡಕೊಂಡು
ಠೇಕಾ ಹಿಡದ.

ಕೆಳಗಿಂದ ಅಂದಾನಪ್ಪ ಏನೋ ಒದರಿದ.
ಬಾಡಗಿದೋ, ಭೇಷ್ ಅಂದನೋ
ಗೊತ್ತಾಗಲಿಲ್ಲ.
ಇನ್ನ ಹದಿನೆಂಟು ನಿಮಿಷ ಇತ್ತು.