ಕಪ್ಪಿನ ಅಳತೆ

ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ತಾಗಲಿ, ಎಂದೆ.
ಎದುರು ಕೂತವರ ಮುಖ ಆಗ ಕಂಡಿತು:
ಪೆಮ್ಮಯ್ಯ. ಏಪ್ರಿಲ್ಲಿನಲ್ಲಿ, ನಾಪೋಕ್ಲು ಮೈದಾನದಲ್ಲಿ
ನಮ್ಮ ಒಕ್ಕವನ್ನು ಸೋಲಿಸಿದ ಅಂಪೈರು.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಮೊದಲ ಮಹಡಿ, ಪರದೆ ಎಳೆದ ಕೋಣೆ.
ಯಂತ್ರ, ಎರಡು ಸ್ಟೂಲು, ನಾನು.
ಹೆಂಡತಿ ತಳ್ಳಿ ಕಳಿಸಿದ್ದಂತೆ.
ಮೆಟ್ಟಿಲ ಬುಡದಲ್ಲಿ ಮಲಗಿದ ನಾಯಿಯನ್ನು
ಒಂದೇ ವಾರದಲ್ಲಿ ಮೂರು ಸಲ ತುಳಿದರಂತೆ.
"ನಾಯಿಗೂ ಬುದ್ಧಿ ಬೇಡವಾ ಮೂಡಿ?" ಎಂದು ನಕ್ಕರು.
ನಾನು ನಗಲಿಲ್ಲ. ನನ್ನ ಗಂಟಲಲ್ಲಿ
ಆ ದಿನದ ಕೂಗು ಇನ್ನೂ ಒಣಗಿರಲಿಲ್ಲ.

ಕೊನೆಯ ನಾಲ್ಕು ನಿಮಿಷ. ನನ್ನ ತಮ್ಮ ಕುಟ್ಟಪ್ಪ
ಡಿ ಒಳಗೆ ತಳ್ಳಿದ ಚೆಂಡು ಅವರ ಬ್ಯಾಕಿನ ಬೂಟಿಗೆ ತಾಗಿ ನಿಂತಿತು.
ಮಾವಿನ ಹೋಳಿಗೆ ಉಪ್ಪು ಸವರಿಕೊಳ್ಳುತ್ತಿದ್ದ ಮಕ್ಕಳಿಗೂ ಕಂಡಿತು.
ಸೀಟಿ ಊದಲಿಲ್ಲ.
ಆಟ ಮುಂದೆ ಹೋಯಿತು, ನಮ್ಮ ಗೋಲಿನೊಳಗೇ ಹೋಯಿತು.
ಅವರು ಕಪ್ಪು ಎತ್ತಿಕೊಂಡು ವಾಲಗಕ್ಕೆ ಕುಣಿದರು.
ನಾನು ಗ್ಯಾಲರಿಯ ಹಲಗೆ ಹತ್ತಿ ನಿಂತು ಕೂಗಿದೆ:
ಅಂಪೈರಿಗೆ ಕಣ್ಣಿಲ್ಲಾ!
ನಾಲ್ಕು ವರ್ಷ ಕಣ್ಣಿನದೇ ಓದು ಓದಿದವಳು.

ಒಳಗೆ ಹಸಿರು ಕೂಡುಗುರುತು ಇದೆ, ಅದನ್ನೇ ನೋಡಿ.
ರೆಪ್ಪೆ ಬಡಿಯಬೇಡಿ.
ಬಡಿಯಲಿಲ್ಲ. ಪೆನಾಲ್ಟಿ ಸ್ಟ್ರೋಕಿಗೆ ಕಾದ ಗೋಲಿಯ ಹಾಗೆ
ಉಸಿರು ಹಿಡಿದರು.
ಪರದೆಯ ಮೇಲೆ ಎದ್ದಿತು ಕಿತ್ತಳೆ ಬಣ್ಣದ ನೆಲ,
ನರವೆಲ್ಲ ಬಂದು ಸೇರುವ ತಿಳಿ ಬಿಲ್ಲೆ,
ಬಿಲ್ಲೆಯ ನಡುವೆ ಒಂದು ಕುಳಿ.
ನಮ್ಮ ಓದಿನಲ್ಲಿ ಅದಕ್ಕೂ ಕಪ್ ಎಂದೇ ಹೆಸರು.
ಬಿಲ್ಲೆ ಹತ್ತಾದರೆ ಕಪ್ಪು ಮೂರೋ ನಾಲ್ಕೋ ಇರಬೇಕು.
ಇವರದು ಎಂಟು.
ಇಷ್ಟು ದೊಡ್ಡ ಕಪ್ಪು ಯಾರೂ ಗೆಲ್ಲಬಾರದು.

ಆಮೇಲೆ ನರದೆಳೆಗಳ ದಪ್ಪದ ನಕ್ಷೆ:
ಹಸಿರು, ಹಸಿರು, ಹಳದಿ,
ಮೇಲ್ಗಡೆ ಕೆಂಪು. ಇನ್ನೊಂದು ಕಣ್ಣಲ್ಲೂ ಕೆಂಪು.
ಕಣ್ಣಿನ ಲೆಕ್ಕ ತಲೆಕೆಳಗು, ಮೇಲಿನ ಎಳೆ ಸವೆದರೆ
ಕಾಲಬುಡದ ನೋಟ ಹೋಗುತ್ತದೆ.
ಹೋದ ಜಾಗ ಕತ್ತಲೆಯಾಗಿ ಕಾಣುವುದೂ ಇಲ್ಲ.
ಮಿದುಳು ಪಕ್ಕದ ಬಣ್ಣ ಎಳೆದು ತೇಪೆ ಹಾಕುತ್ತದೆ,
ಮೆಟ್ಟಿಲಿದ್ದಲ್ಲಿ ಮೆಟ್ಟಿಲು, ಹುಲ್ಲಿದ್ದಲ್ಲಿ ಹುಲ್ಲು.
ನಾಯಿ ಮಾತ್ರ ಇಲ್ಲ. ಚೆಂಡು ಮಾತ್ರ ಇಲ್ಲ.

ನೋವಿಲ್ಲ, ಉರಿಯಿಲ್ಲ. ಬೋರ್ಡಿನ ಕೊನೆಯ ಸಾಲನ್ನೂ
ತಪ್ಪಿಲ್ಲದೆ ಓದಿದ್ದರು, ಸ್ವಲ್ಪ ಜಂಬದಿಂದಲೇ.

ಪ್ರಿಂಟು ತೆಗೆದೆ. ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.
ಅವರು ಹೇಳಿದ್ದು ಗೋಡೆಯಾಚೆಯಿಂದ ಕೇಳಿತು:
ಗ್ಲಾಕೋಮಾ. ದಿನಾ ರಾತ್ರಿ ಒಂದೊಂದು ಹನಿ, ಇರುವಷ್ಟು ದಿನ.
ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಸಿಕೊಳ್ಳೋಣ.
ಅಣ್ಣತಮ್ಮಂದಿರನ್ನೂ ಕರೆದು ತನ್ನಿ.
ಮನೆಯಲ್ಲಿ ಮೊದಲು ಯಾರಿಗಾದರೂ?
ತುಂಬ ಹೊತ್ತಿನ ಮೇಲೆ ಪೆಮ್ಮಯ್ಯ, "ಅವ್ವ
ಬಾಗಿಲ ಚೌಕಟ್ಟು ಸವರಿಕೊಂಡೇ ನಡೆಯುತ್ತಿದ್ದಳು.
ವಯಸ್ಸು ಅಂದುಕೊಂಡೆವು."

ಹೊರಬಂದು, ಚೀಟಿ ಮಡಿಸಿ, ನನ್ನ ಪರದೆ ಸರಿಸಿದರು.
"ನೀನು ಕುಟ್ಟಪ್ಪನ ಅಕ್ಕ ಅಲ್ಲವಾ? ಹಲಗೆ ಹತ್ತಿದವಳು?"
ಅಡಗಲು ಜಾಗ ಹುಡುಕಿದೆ. ಕೋಣೆ ಚಿಕ್ಕದು.
"ಕಾಲಿಗೆ ತಾಗಿತ್ತಾ?"

ತಾಗಿತ್ತು, ಎಂದೆ.

ಕಾಗದವನ್ನು ಬೆಳಕಿಗೆ ಹಿಡಿದರು. ಕೆಂಪಿನ ಮೇಲೆ
ಹೆಬ್ಬೆರಳಿಟ್ಟು ಮುಚ್ಚಿದರು, ತೆಗೆದರು.
"ನಾನು ನೋಡುತ್ತಲೇ ಇದ್ದೆ ಮೂಡಿ. ಹುಲ್ಲಿತ್ತು.
ಒಳ್ಳೆ ಹುಲ್ಲು."

ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಗದ್ದ ಎದೆಗೊತ್ತಿ ನೋಡಿದರು.
ಹದಿನೆಂಟು. ಮೇಲೆ ನಿಂತು ನಾನೂ ಎಣಿಸಿದೆ.
ಬುಡದಲ್ಲಿ ನಾಯಿ ಗೀಯಿ ಏನೂ ಇರಲಿಲ್ಲ.