ಹೂಡಿಕೆ

ಲೆಲ್ಯಾಂಡ್ ಸ್ಕೋಗನ್ ಹೋಗಿ ಮೂರು ವಾರಕ್ಕೆ
ಆರ್ಡಿತ್ ನನಗೆ ಫೋನು ಮಾಡಿದಳು:
"ನೆಲಮಾಳಿಗೆಯಲ್ಲಿ ನನ್ನ ಗಂಡನ ಬ್ಯಾಂಕು ಇದೆ,
ಬಂದು ಬಾಗಿಲು ಮುಚ್ಚಿಸು."

ಲೂಯಿಸ್‌ಟೌನಿನಿಂದ ನಲವತ್ತು ಮೈಲಿ,
ಮಾಂಟಾನಾದ ಏಪ್ರಿಲ್, ಹಿಮ ಕರಗಿ ರಸ್ತೆಯೆಲ್ಲ ಅಂಬಲಿ.
ಬಂದೂಕು ಕೊಂಡು ಮಾರುವುದು ನನ್ನ ಕಸುಬು,
ಸಾವಿನ ಮನೆಗಳ ತೆಳು ಕಾಫಿ ಅಭ್ಯಾಸವಾಗಿದೆ.

ಹದಿನಾಲ್ಕು ಮೆಟ್ಟಿಲು ಕೆಳಗೆ.
ಒಂದು ಗೋಡೆಗೆ ಅವಳ ಗಾಜಿನ ಭರಣಿಗಳು: ಪೀಚು, ಬೀಟ್‌ರೂಟು, ಹುರುಳಿಕಾಯಿ.
ಎದುರು ಗೋಡೆಗೆ ಅವನವು:
ಎಣ್ಣೆ ಸವರಿದ ಮೂವತ್ತೊಂದು ಬಂದೂಕು,
ಹಸಿರು ತಗಡಿನ ಪೆಟ್ಟಿಗೆಗಳಲ್ಲಿ ಗುಂಡು, ಸೂರಿನವರೆಗೆ.
ಎರಡೂ ಕಡೆ ಚೀಟಿ, ತಾರೀಖು.
ಒಂದು ಗೋಡೆಯದನ್ನು ಮಾತ್ರ
ಪ್ರತಿ ಚಳಿಗಾಲ ತಿಂದು ಮುಗಿಸುತ್ತಿದ್ದರು.

ನೋಟ್‌ಬುಕ್ಕೂ ಇತ್ತು. ಮೊದಲ ಪುಟದಲ್ಲಿ:
"ಚಿನ್ನ ಹಲ್ಲಿಗೆ, ಶೇರು ಸುಳ್ಳರಿಗೆ, ಡಾಲರು ಬರೀ ಕಾಗದ.
ಕಬ್ಬಿಣ ಕಬ್ಬಿಣವೇ."
ಓದಿ ನಗು ಬಂತು; ಅರ್ಧ ಮಾತು ನನ್ನದೇ,
ಅಂಗಡಿಯ ಕಟ್ಟೆಯ ಹಿಂದೆ ನಿಂತು ಎಷ್ಟು ಜನಕ್ಕೆ ಹೇಳಿಲ್ಲ.

ಲೆಕ್ಕಕ್ಕೆ ಕೂತೆವು.
ತೊಂಬತ್ನಾಲ್ಕರಲ್ಲಿ ಮುನ್ನೂರಹತ್ತು ಕೊಟ್ಟ ರೈಫಲ್ಲು,
ಇವತ್ತು ನಾನು ಕೊಡುವುದು ನಾನೂರು.
ಲಾಭವೇ ಅಲ್ಲವೇ, ಅಂದಳು.
ಆಗ ಬ್ರೆಡ್ಡಿಗೆ ಎಷ್ಟು ಕೊಡುತ್ತಿದ್ದಿರಿ, ಅಂದೆ.
ಅವಳು ಸುಮ್ಮನಾದಳು.

ಆಮೇಲೆ ಗುಂಡು. ಸಿಗುವುದೇ ಇಲ್ಲವೆಂದು ಊರಿಗೆ ಊರೇ ಬೆದರಿದ ವರ್ಷ
ಬೆಳಗಿನ ಜಾವ ಐದಕ್ಕೆ ಸಾಲಿನಲ್ಲಿ ನಿಂತು
ಐನೂರರ ಡಬ್ಬಿಗೆ ಎಂಬತ್ತು ಡಾಲರು ಎಣಿಸಿದ್ದ.
ಈಗ ಹೊಸದೇ ಮೂವತ್ತೈದಕ್ಕೆ ಸಿಗುತ್ತದೆ.
ಭಯವನ್ನು ದುಬಾರಿಯಿದ್ದಾಗ ಕೊಂಡವನಿಗೆ
ಧೈರ್ಯದ ಕಾಲದಲ್ಲಿ ಗಿರಾಕಿ ಎಲ್ಲಿ?

"ಹಸು ಕಟ್ಟಿದ್ದರೆ ಕರುವಾದರೂ ಹಾಕುತ್ತಿತ್ತು," ಅಂದಳು ಆರ್ಡಿತ್.
"ಇವು ಇಪ್ಪತ್ತು ವರ್ಷ ಒಟ್ಟಿಗೇ ಮಲಗಿದವು,
ಒಂದು ಮರಿಯಿಲ್ಲ."

ನೇಗಿಲು ಹೂಡಿದವನು, ಒಲೆ ಹೂಡಿದವನು,
ಇವಳೊಡನೆ ಸಂಸಾರ ಹೂಡಿದವನು;
ಗುಂಡಿಗೆ ಹಣ ಹೂಡಿದ, ಗುರಿಯನ್ನು ಮಾತ್ರ ಹೂಡಲೇ ಇಲ್ಲ.
ಹೊಡೆದರೆ ಬೆಲೆ ಇಳಿಯುತ್ತದೆ ಎನ್ನುತ್ತಿದ್ದನಂತೆ.
ಜಿಂಕೆಯ ಕಾಲದಲ್ಲೂ ತಮ್ಮನ ಬಂದೂಕನ್ನೇ ಎರವಲು ತರುತ್ತಿದ್ದ.

ಆದರೆ ಒಂದು ಡಬ್ಬಿ ಒಡೆದಿತ್ತು.
ಇಪ್ಪತ್ತರಲ್ಲಿ ಹದಿನೆಂಟು.
ಪುಟ ತಿರುವಿ ಹುಡುಕಿದೆ, ಸಿಕ್ಕಿತು:
"ಬಿಸ್ಕೆಟ್. ಮುಂಗಾಲು. ಖರ್ಚು ಎರಡು.
ನಷ್ಟ ಒಂದು ಡಾಲರು ಇಪ್ಪತ್ತು ಸೆಂಟು."

ಬಿಸ್ಕೆಟ್ ಅಂದರೆ?
"ನಮ್ಮ ಕುದುರೆ. ಬಿಲಕ್ಕೆ ಕಾಲು ಸಿಕ್ಕಿ ಮುರಿದಿತ್ತು."
ಎರಡು ಯಾಕೆ, ಎಂದು ಕೇಳಬಾರದಿತ್ತು.
ಅವಳು ಮೇಜಿನ ಮೇಲಿನ ಪುಡಿಯನ್ನು ಅಂಗೈಗೆ ಒತ್ತರಿಸಿಕೊಂಡಳು.
"ಮೊದಲನೆಯದಕ್ಕೆ ಕೈ ನಡುಗಿತು."

ಒಡೆದ ಡಬ್ಬಿ ನಾನು ಕೊಳ್ಳುವುದಿಲ್ಲ,
ಅದು ವ್ಯಾಪಾರದ ನಿಯಮ.
ಅದನ್ನವಳು ಪೀಚಿನ ಸಾಲಿನಲ್ಲಿ ಇಟ್ಟಳು.
ಉಳಿದದ್ದಕ್ಕೆ ಚೆಕ್ಕು ಬರೆದೆ.
ಬಂದೂಕಿನಲ್ಲಿ ದುಡ್ಡಿಲ್ಲ ಅಂತ ಯಾರಂದರು?
ಲಾಭ ಮಾಡಿದ ಒಬ್ಬನನ್ನಂತೂ ನಾನು ಬಲ್ಲೆ,
ಬೆಳಿಗ್ಗೆ ಅವನದೇ ಗಡ್ಡ ಹೆರೆಯುತ್ತೇನೆ.

ಹನ್ನೆರಡನೆಯ ಮೈಲಿಗೆ ಗಾಡಿ ಕೆಸರಿನಲ್ಲಿ ಕೂತಿತು.
ಅಷ್ಟೊಂದು ಸೀಸ.
ಕತ್ತಲಲ್ಲಿ ಒಂದೊಂದೇ ಪೆಟ್ಟಿಗೆ ಇಳಿಸಿ
ಬೇಲಿಯುದ್ದಕ್ಕೂ ಜೋಡಿಸಿದೆ,
ಅವನ ಚೀಟಿಗಳು ಮೇಲ್ಮುಖವಾಗಿರುವಂತೆ, ಯಾಕೋ.
ಬೆನ್ನು ನೆಟ್ಟಗಾಗಲಿಲ್ಲ.
ಬೇಲಿಯಾಚೆ ಯಾರದೋ ಕುದುರೆ
ಮೂಗಿನಿಂದ ಬಿಸಿ ಉಸಿರು ಬಿಡುತ್ತ
ನಾನು ಎಣಿಸುವುದನ್ನೇ ನೋಡುತ್ತಿತ್ತು.