ಮಂಚ ಎಲ್ಲಿ ಬರುತ್ತದೆ?

ನಾನು ಕೇಳುವ ಮೊದಲ ಪ್ರಶ್ನೆ ಇದೇ.
ದೀಪ ಎಷ್ಟು, ಪ್ಲಗ್ಗು ಎಷ್ಟು, ಅದೆಲ್ಲ ಆಮೇಲೆ.
ಮಂಚ ಎಲ್ಲಿ ಬರುತ್ತದೆ? ತಲೆ ಯಾವ ಕಡೆ?
ಕತ್ತಲಲ್ಲಿ ಮೊದಲು ಚಾಚುವುದು
ಯಾವ ಕೈ?

ಟ್ರಿಯೋರ್ಕಿಯ ಈ ಸಾಲುಮನೆಯ ಅಟ್ಟದಲ್ಲಿ
ಬೆನ್ನು ಬಾಗಿಸಿ ನಿಂತಿದ್ದೇವೆ ಮೂವರು.
ನೆತ್ತಿಗೆ ತಾಗುವಷ್ಟು ಹತ್ತಿರ ಸ್ಲೇಟುಕಲ್ಲಿನ ಮಾಡು,
ಸಂದಿಸಂದಿಯಲ್ಲಿ ಸೂಜಿಯಷ್ಟು ಆಕಾಶ.
ಡಿಲ್ವಿನ್ ಕೈಯಲ್ಲಿ ಟಾರ್ಚು, ಐರ್ಲಿಸ್ ಕೈಯಲ್ಲಿ ಅಳತೆಪಟ್ಟಿ.
"ಗೊತ್ತಿಲ್ಲ" ಎಂದಳು ಐರ್ಲಿಸ್,
"ಯಾವ ಮಗುವೆಂದು ಕೌನ್ಸಿಲ್ಲಿನವರು ಇನ್ನೂ ಹೇಳಿಲ್ಲ.
ಐದು ವರ್ಷದ್ದು ಬರಬಹುದು, ಹದಿನೈದರದ್ದೂ ಬರಬಹುದು.
ಒಂದು ವಾರ ಇರಬಹುದು. ಅಥವಾ..."
ಡಿಲ್ವಿನ್ ಟಾರ್ಚನ್ನು ಬೇರೆ ಕಡೆ ತಿರುಗಿಸಿದ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುತ್ತಾರೆ.
ನನ್ನ ಕಸುಬೇ ಅದು.
ಗೋಡೆ ಏಳುವ ಮುಂಚೆ ಗೋಡೆಯ ನರ ಎಳೆಯಬೇಕು,
ಯಾರೂ ನಡೆಯದ ನೆಲದಲ್ಲಿ
ಎಡವುವ ಜಾಗ ಹುಡುಕಬೇಕು.

ತೊಲೆಯ ಮೇಲೊಂದು ಹಳೆಯ ತಂತಿ ಮಲಗಿತ್ತು,
ಮುಟ್ಟಿದರೆ ಪುಡಿಯಾಗುವ ರಬ್ಬರು ಸಿಪ್ಪೆ.
ಪಕ್ಕದಲ್ಲಿ ಪೆನ್ಸಿಲ್ಲಿನ ಬರಹ:
"ಇದನ್ನು ನಂಬಬೇಡಿ. ಐವರ್, ಅರವತ್ತಮೂರು."
ಟೆಸ್ಟರ್ ಇಟ್ಟೆ. ಜೀವ ಇತ್ತು!
ಯಾರೂ ಕೇಳದ ಒಂದು ದೀಪಕ್ಕಾಗಿ
ಇಷ್ಟೂ ವರ್ಷ ಉಸಿರು ಬಿಗಿಹಿಡಿದು ಕಾದಿತ್ತು.
ಕಾಣದ ಐವರನಿಗೆ ಕೈ ಮುಗಿದೆ.

ಡಿಲ್ವಿನ್‌ಗೆ ಲೆಕ್ಕ ಬೇಕು. ಹೇಳಿದೆ:
ಕೆಳಗಿನ ಫ್ಯೂಸ್ ಪೆಟ್ಟಿಗೆ ಸಾಲದು, ಹೊಸದು ಬೇಕು.
ಅಟ್ಟಕ್ಕೆ ತನ್ನದೇ ಸರ್ಕ್ಯೂಟು,
ಅಡುಗೆಮನೆಯ ಕೆಟಲ್ಲಿನ ಜೊತೆ ಜಗಳ ಬೇಡ.
ಮಾಡಿನಡಿ ತುಂಬುವ ಉಣ್ಣೆಯಲ್ಲಿ ಹೂತರೆ
ತಂತಿಗೂ ಜ್ವರ ಬರುತ್ತದೆ; ಅದಕ್ಕೇ ದಪ್ಪದ್ದು.
ಹೊಗೆಯ ಗಂಟೆ ಮೂರೂ ಅಂತಸ್ತಿಗೆ,
ಒಂದು ಕೂಗಿದರೆ ಎಲ್ಲವೂ ಕೂಗಬೇಕು.
ಮೆಟ್ಟಿಲಿಗೆ ಎರಡು ಸ್ವಿಚ್ಚು, ಕೆಳಗೊಂದು ಮೇಲೊಂದು.
"ಎರಡೇಕೆ?" ಎಂದ.
ಹತ್ತುವಾಗ ಹಚ್ಚಿದ್ದನ್ನು ಹತ್ತಿದ ಮೇಲೆ ಆರಿಸಲು,
ಯಾರೂ ಕತ್ತಲಿಗೆ ಇಳಿಯದಿರಲು.

"ರಾತ್ರಿ ದೀಪ?" ಐರ್ಲಿಸ್ ಕೇಳಿದಳು.
"ಹದಿನೈದರ ಹುಡುಗನಿಗೆ ರಾತ್ರಿ ದೀಪವೇ?"
"ಆ ವಯಸ್ಸಿಗೆ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ."

ನಾನು ಏನೂ ಹೇಳಲಿಲ್ಲ.
ನಾನಿದ್ದ ಮನೆಗಳಲ್ಲೊಂದರಲ್ಲಿ, ಬಹುಶಃ ಮೂರನೆಯದರಲ್ಲಿ,
ಸ್ವಿಚ್ಚು ಬಾಗಿಲಾಚೆ ಇತ್ತು.
ಒಂಬತ್ತಕ್ಕೆ ಸರಿಯಾಗಿ ಯಾರದೋ ಚಪ್ಪಲಿ ಸದ್ದು,
ಆಮೇಲೆ ಏನೂ ಕಾಣುತ್ತಿರಲಿಲ್ಲ.
ಇದು ಇವರ ಅಂದಾಜು ಪಟ್ಟಿಗೆ ಸೇರುವ ಬಾಬತ್ತಲ್ಲ.
ನಕ್ಷೆಯಲ್ಲಿ ಗುರುತು ಹಾಕಿದೆ:
ಸ್ವಿಚ್ಚು ಒಳಗೆ.
ಅದರಡಿ ಇನ್ನೊಂದು ಗೆರೆ ಎಳೆದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು
ಎನ್ನುವ ಮನೆಗಳು ಸಾಕಷ್ಟಿವೆ.
ಇಲ್ಲಿ ಕಾಲು ನೋಡಿ ಹಾಸಿಗೆಯಾಗಲಿ.
"ಮೂರು ಮೂಲೆಗೂ ತಂತಿ ಎಳೆದಿಡುತ್ತೇನೆ" ಎಂದೆ,
"ನಾಲ್ಕನೆಯದು ಹೇಗೂ ಮೆಟ್ಟಿಲಿನದು.
ಸದ್ಯಕ್ಕೆ ಪೆಟ್ಟಿಗೆ ಕೂರಿಸಿ ಬಿಳಿ ಮುಚ್ಚಳ ಹಾಕೋಣ.
ಮಗು ಬರಲಿ, ಮಂಚ ಅಲ್ಲಿಗೂ ಇಲ್ಲಿಗೂ ಎಳೆದಾಡಲಿ,
ನಿಂತ ಮೇಲೆ ಫೋನು ಮಾಡಿ.
ಅರ್ಧ ಗಂಟೆಯ ಕೆಲಸ. ದುಡ್ಡು ಬೇಡ."

ಡಿಲ್ವಿನ್ ಮಾತಾಡಲಿಲ್ಲ.
ತೊಲೆಗಳ ಮೇಲೆ ಅಡ್ಡ ಹಲಗೆಯಿಟ್ಟು
ಮೆಲ್ಲಗೆ ಮಲಗಿದ, ಟಾರ್ಚು ಆರಿಸಿದ.
ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ಕಾದೆ.
ಕತ್ತಲಲ್ಲಿ ಅವನ ಕೈ ಮರ ತಡಕುವ ಸದ್ದು.
"ಇಲ್ಲಿ" ಎಂದ.
ಗುರುತು ಹಾಕಹೊರಟೆ.
"ಅಲ್ಲ, ತಾಳು. ಇನ್ನೂ ಕೆಳಗೆ.
ಕೈ ಸಣ್ಣದಿದ್ದರೆ?"